ಡಾಟ್ ಬಾಲಿನ ಲೆಕ್ಕ

ಬೆಂಗಳೂರಿನ ಕ್ರಿಕೆಟ್ ಹುಚ್ಚಿನ ಗೆಳೆಯರಿಗೆ ನಾನು ಆಗಾಗ ಒಂದು ಪ್ರಶ್ನೆ ಹಾಕ್ತಿರ್ತೀನಿ. "ಬಿಜಾಪುರದಿಂದ ಹೋಗಿ ಭಾರತಕ್ಕೆ ಆಡಿದ ಒಬ್ಬ ಕ್ರಿಕೆಟರ್ ಹೆಸರು ಹೇಳ್ರಿ ನೋಡೋಣ." 2014ರಲ್ಲಿ ಊರಿನ ಹೆಸರು ವಿಜಯಪುರ ಅಂತ ಆಯ್ತು, ಆದ್ರೆ ನಮ್ಮ ಬಾಯಲ್ಲಿ ಅದು ಇನ್ನೂ ಬಿಜಾಪುರವೇ. ಹತ್ತು ಜನರಲ್ಲಿ ಎಂಟು ಜನ ತಲೆ ಕೆರೆದುಕೊಳ್ತಾರೆ. ಗೋಳಗುಮ್ಮಟ ಗೊತ್ತು, ಜೋಳದ ರೊಟ್ಟಿ ಗೊತ್ತು, ಬಿಸಿಲು ಗೊತ್ತು. ರಾಜೇಶ್ವರಿ ಗಾಯಕವಾಡ ಅಂದ ಮೇಲೆ, "ಹಾಂ ಹಾಂ, ಸ್ಪಿನ್ನರ್ ಅಲ್ವಾ?" ಅಂತಾರೆ. ಅಷ್ಟೇ. ಸ್ಮೃತಿ ಮಂದಾನ ಎಷ್ಟು ಸೆಂಚುರಿ ಹೊಡೆದಿದ್ದಾರೆ ಅಂತ ನಿದ್ದೆಗಣ್ಣಲ್ಲೂ ಹೇಳುವ ಜನ ಇವರು.

ಇದರಲ್ಲಿ ಗೆಳೆಯರ ತಪ್ಪೇನೂ ಇಲ್ಲ. ಮಾಡಿದ್ದು ನೆನಪಿರುತ್ತದೆ, ತಡೆದದ್ದು ನೆನಪಿರುವುದಿಲ್ಲ. ಬೌಲರ್ ಕೆಲಸ ಮೂಲತಃ ತಡೆಯುವುದು. ವಿಕೆಟ್ ಬಿದ್ದಾಗ ನಾವು ಕೂಗ್ತೀವಿ, ಸರಿ. ಆದ್ರೆ ರಾಜೇಶ್ವರಿಯಂಥ ಎಡಗೈ ಸ್ಪಿನ್ನರ್ ಹಾಕುವ ಹತ್ತು ಓವರಿನಲ್ಲಿ, ಅಂದ್ರೆ 60 ಎಸೆತಗಳಲ್ಲಿ, ವಿಕೆಟ್ ಬೀಳುವುದು ಒಂದೋ ಎರಡೋ. ಮಿಕ್ಕ ಎಸೆತಗಳಲ್ಲಿ ಒಳ್ಳೆಯವು ಅಂದ್ರೆ ಏನೂ ಆಗದೇ ಹೋದವು. ಸ್ಕೋರ್‌ಬುಕ್ಕಿನಲ್ಲಿ ಒಂದು ಚುಕ್ಕಿ, ಡಾಟ್. ಆ ಚುಕ್ಕಿ ನೋಡಿ ಯಾರೂ ಶಿಳ್ಳೆ ಹೊಡೆಯಲ್ಲ.

ನನ್ನ ತಲೆಯಲ್ಲಿ ಬಹಳ ದಿನದಿಂದ ಕೂತಿರುವ ಪ್ರಶ್ನೆ ಇದು: ಏನೂ ಆಗದಂತೆ ನೋಡಿಕೊಳ್ಳುವುದು ಒಂದು ಸಾಧನೆಯಾ? ಹೌದು ಅನ್ನುವುದಾದ್ರೆ, ಅದರ ಲೆಕ್ಕ ಇಡಬೇಕಾದವರು ಯಾರು, ಬೆಲೆ ಕಟ್ಟಬೇಕಾದವರು ಯಾರು?

ಮೊದಲು ರಾಜೇಶ್ವರಿಯವರ ಕಥೆ ಸ್ವಲ್ಪ ನೋಡೋಣ. ಶುರುವಿನಲ್ಲಿ ಜಾವೆಲಿನ್, ಡಿಸ್ಕಸ್ ಎಸೆಯುತ್ತಿದ್ದ ಹುಡುಗಿ, ಕ್ರಿಕೆಟ್ಟಿಗೆ ಬಂದದ್ದು ತಡವಾಗಿ. ಸೈಕ್ಲಿಂಗಿಗೆ ಹೆಸರಾದ ಊರಿನಲ್ಲಿ ಹೆಣ್ಣುಮಕ್ಕಳ ಕ್ರಿಕೆಟ್ ಅಂದ್ರೆ ಆಗ ನಗುವ ಜನವೇ ಹೆಚ್ಚು. 2014ರ ಜನವರಿಯಲ್ಲಿ ಶ್ರೀಲಂಕಾ ವಿರುದ್ಧ ಮೊದಲ ಏಕದಿನ ಪಂದ್ಯ. ಅದೇ ವರ್ಷ ತಂದೆ ತೀರಿಕೊಂಡರು. ಬಾಡಿಗೆ ಮನೆಯ ದೊಡ್ಡ ಸಂಸಾರದ ಭಾರ ಮಗಳ ಹೆಗಲಿಗೆ ಬಂತು.

2017ರ ವಿಶ್ವಕಪ್ ಇಂಗ್ಲೆಂಡಿನಲ್ಲಿ. ಮೊದಲ ಆರು ಪಂದ್ಯ ರಾಜೇಶ್ವರಿ ಬೆಂಚಿನಲ್ಲಿ ಕೂತರು. ಏಳನೆಯದು ಜುಲೈ 15ಕ್ಕೆ, ಡರ್ಬಿಯಲ್ಲಿ, ನ್ಯೂಜಿಲೆಂಡ್ ವಿರುದ್ಧ. ಗೆದ್ದರೆ ಸೆಮಿಫೈನಲ್, ಸೋತರೆ ವಾಪಸ್ ವಿಮಾನ. ಮಿಥಾಲಿ ರಾಜ್ 109, ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಕ್ಕೆ 70, ಒಟ್ಟು 265. ಅವತ್ತು ರಾಜೇಶ್ವರಿಯನ್ನು ಆಡಿಸಿದರು. 15 ರನ್ ಕೊಟ್ಟು 5 ವಿಕೆಟ್. ನ್ಯೂಜಿಲೆಂಡ್ 79ಕ್ಕೆ ಮುಗೀತು. ಆರು ಪಂದ್ಯ ನೀರಿನ ಬಾಟ್ಲಿ ಹೊತ್ತು ಕಾದು, ಏಳನೇದಕ್ಕೆ ಹೀಗೆ ಹಾಕೋದು ಅಂದ್ರೆ ಸಣ್ಣ ಮಾತಲ್ಲ.

ಎಂಟು ದಿನದ ಮೇಲೆ ಲಾರ್ಡ್ಸ್‌ನಲ್ಲಿ ಫೈನಲ್. ಇಂಗ್ಲೆಂಡಿನ ಮೊದಲ ವಿಕೆಟ್ ಬೀಳಿಸಿದ್ದು ಇವರೇ. ಇಂಗ್ಲೆಂಡ್ ಮಾಡಿದ್ದು 228. ನಮ್ಮವರು 3 ವಿಕೆಟ್ಟಿಗೆ 191 ತನಕ ಹೋಗಿ, ಅಲ್ಲಿಂದ ಕುಸಿದು 219ಕ್ಕೆ ಆಲೌಟ್. 9 ರನ್ ಸೋಲು. ಆ ಪಂದ್ಯದ ಹೈಲೈಟ್ಸ್ ಎಲ್ಲಿ ನೋಡಿದ್ರೂ ಕೊನೆಯ ದೃಶ್ಯ ಒಂದೇ: ಆನ್ಯಾ ಶ್ರಬ್‌ಸೋಲ್ ಎಸೆತ, ಸ್ಟಂಪ್ ಚೆಲ್ಲಾಪಿಲ್ಲಿ, ಇಂಗ್ಲೆಂಡ್ ಕುಣಿತ. ಔಟಾಗಿ ನಿಂತವರು ರಾಜೇಶ್ವರಿ ಗಾಯಕವಾಡ.

ಹನ್ನೊಂದನೇ ಬ್ಯಾಟರ್ ಅವರು. ರನ್ ಹೊಡೆಯೋದು ಅವರ ಕೆಲಸವೇ ಅಲ್ಲ, ತಮ್ಮ ಕೆಲಸ ಮಧ್ಯಾಹ್ನವೇ ಮುಗಿಸಿದ್ದರು. ಆದ್ರೆ ಕ್ಯಾಮೆರಾಕ್ಕೆ ಅದೆಲ್ಲ ಬೇಕಿಲ್ಲ. ತಡೆಯುವವರ ಬದುಕಿನ ಮೊದಲ ಅನ್ಯಾಯ ಇದು: ತಡೆದ ನೂರು ಸಲ ಫೋಟೋ ಇರಲ್ಲ, ತಡೆಯದೇ ಹೋದ ಒಂದು ಸಲ ಇರುತ್ತದೆ.

ಎರಡನೇ ಅನ್ಯಾಯ ಇನ್ನೂ ಸೂಕ್ಷ್ಮ. ಸತತ ಹತ್ತು ಡಾಟ್ ಬಾಲ್ ಹಾಕಿದರೆ ಬ್ಯಾಟರ್‌ಗೆ ಉಸಿರು ಕಟ್ಟಿದಂತಾಗ್ತದೆ. ಮುಂದಿನ ಓವರಿನಲ್ಲಿ ಇನ್ನೊಂದು ತುದಿಯ ಬೌಲರಿಗೆ ಕಣ್ಣುಮುಚ್ಚಿ ಬೀಸ್ತಾರೆ, ಕ್ಯಾಚ್ ಕೊಡ್ತಾರೆ. ಒತ್ತಡ ಹಾಕಿದವರು ಒಬ್ಬರು, ವಿಕೆಟ್ ಬರೆದದ್ದು ಇನ್ನೊಬ್ಬರ ಹೆಸರಿಗೆ. 1964ರಲ್ಲಿ ಮದರಾಸಿನ ಟೆಸ್ಟಿನಲ್ಲಿ ಬಾಪು ನಾಡಕರ್ಣಿ, ಇವರೂ ಎಡಗೈ ಸ್ಪಿನ್ನರೇ, ಇಂಗ್ಲೆಂಡಿಗೆ ಸತತ 21 ಮೇಡನ್ ಓವರ್ ಹಾಕಿದರು. 131 ಎಸೆತ, ಒಂದು ರನ್ ಇಲ್ಲ. ಆ ಇನಿಂಗ್ಸಿನ ಅವರ ಲೆಕ್ಕ 32 ಓವರ್, 27 ಮೇಡನ್, 5 ರನ್, 0 ವಿಕೆಟ್. ಇವತ್ತು ಅದು ಕ್ವಿಜ್ ಪ್ರಶ್ನೆ. ಕೊನೆಯ ಆ ಸೊನ್ನೆ ನೋಡಿ ನಕ್ಕು ಮುಂದೆ ಹೋಗ್ತೀವಿ.

ಈ ಮಾತು ಆಟಕ್ಕೆ ಮಾತ್ರ ಸೀಮಿತ ಅಲ್ಲ ಅಂತ ನನಗೆ ಮೊದಲು ತೋರಿಸಿದ್ದು ದ್ರಾಕ್ಷಿ ತೋಟ. ನಮ್ಮೂರು ತಿಕೋಟಾ ಮತ್ತು ಬಬಲೇಶ್ವರದ ನಡುವೆ. ತಿಕೋಟಾ ಕಡೆ ಹೋದವರಿಗೆ ಗೊತ್ತಿರ್ತದೆ, ರಸ್ತೆಯ ಎರಡೂ ಕಡೆ ದ್ರಾಕ್ಷಿ ಪಡಕು, ನಡುನಡುವೆ ಮಣೂಕ ಒಣಗಿಸುವ ಶೆಡ್ಡು. ಮಣೂಕ ಅಂದ್ರೆ ನಿಮ್ಮ ಒಣದ್ರಾಕ್ಷಿ. ಅಕ್ಟೋಬರಿನಲ್ಲಿ ಚಾಟ್ನಿ ಮಾಡಿದ ಮೇಲೆ, ಅಂದ್ರೆ ಬಳ್ಳಿ ಕತ್ತರಿಸಿದ ಮೇಲೆ, ಚಿಗುರು ಬಂದು ಹೂ ಕಟ್ಟುವ ಹೊತ್ತಿಗೆ ಮೋಡ ಮುಸುಕಿ ಮಳೆ ಹಿಡೀತು ಅಂದ್ರೆ ಡೌನಿ ರೋಗ. ಬಂದ್ರೆ ಇಡೀ ವರ್ಷದ ಗೊನೆ ಹೋಯ್ತು. ಅದಕ್ಕೆ ಬರೋ ಮೊದಲೇ ಔಷಧ ಹೊಡೀಬೇಕು, ಬಂದ ಮೇಲೆ ಹೊಡೆದು ಬಹಳ ಉಪಯೋಗ ಇಲ್ಲ.

ಒಂದು ವರ್ಷ ನಮ್ಮ ಕಾಕಾ ಆಕಾಶ ನೋಡಿ ನೋಡಿ ಔಷಧ ಹೊಡೆದರು. ರಾತ್ರಿ ಮೋಡ ಆದ್ರೆ ಬೆಳಿಗ್ಗೆ ಟ್ರ್ಯಾಕ್ಟರ್ ಸ್ಟಾರ್ಟ್. ಆ ವರ್ಷ ರೋಗ ಬರಲಿಲ್ಲ. ಬಾಜೂ ತೋಟದವರು ಕಟ್ಟೆ ಮೇಲೆ ಕೂತು ಅಂದರು, "ಏನ್ ಮಾವಾ, ಸುಮ್ನ ರೊಕ್ಕ ಸುರದಿ ನೋಡು. ನಾ ಅರ್ಧಾನೂ ಹೊಡದಿಲ್ಲ, ನಂದೂ ಚಲೋನ ಐತಿ." ಕಾಕಾ ಎಲೆ ಅಡಿಕೆ ಜಗಿಯುತ್ತ ಅಂದದ್ದು ಇಷ್ಟು: "ಬಂದಿತ್ತಂದ್ರ ಗೊತ್ತಾಗ್ತಿತ್ತು ತಮ್ಮಾ. ಬರಲಿಲ್ಲಲ್ಲ, ಹಿಂಗಾಗಿ ನಿಂದs ಖರೆ."

ಈ ಉತ್ತರದಲ್ಲಿರುವ ಸಿಕ್ಕನ್ನು ನೋಡಿ. ಕಾಕಾನ ಕೆಲಸ ಸಫಲವಾಯಿತು ಅನ್ನೋದಕ್ಕೆ ಇರುವ ಏಕೈಕ ಸಾಕ್ಷಿ ಏನೂ ಆಗದೇ ಇದ್ದದ್ದು. ಆ ಕೆಲಸ ಬೇಡವಾಗಿತ್ತು ಅನ್ನೋದಕ್ಕೂ ಅದೇ ಸಾಕ್ಷಿ! ತಡೆಯುವವನು ಎಷ್ಟು ಚೆನ್ನಾಗಿ ತಡೀತಾನೋ ಅಷ್ಟೂ ಅವನು ಅನಗತ್ಯವಾಗಿ ಕಾಣ್ತಾನೆ.

ನಮ್ಮ ಸಾಫ್ಟ್‌ವೇರ್ ಲೋಕದವರಿಗೆ ಇದು ಹೊಸದಲ್ಲ. ಬೆಂಗಳೂರಿನ ಐಟಿ ಕಂಪನಿಗಳು 90ರ ದಶಕದ ಕೊನೆಗೆ ಬೆಳೆದದ್ದರಲ್ಲಿ ವೈ2ಕೆ ಕೆಲಸದ ಪಾಲು ದೊಡ್ಡದು. ಹಳೇ ಪ್ರೋಗ್ರಾಮುಗಳಲ್ಲಿ ಇಸವಿಗೆ ಎರಡೇ ಅಂಕಿ ಇಟ್ಟಿದ್ದರಿಂದ 2000 ಬಂದಾಗ ಕಂಪ್ಯೂಟರು ಅದನ್ನು 1900 ಅಂದುಕೊಂಡರೆ ಏನು ಗತಿ ಅನ್ನುವ ಭಯ. ವರ್ಷಗಟ್ಟಲೆ ಸಾವಿರಾರು ಜನ ಸಾಲು ಸಾಲು ಕೋಡ್ ಓದಿ ತಿದ್ದಿದರು. 2000ದ ಜನವರಿ 1ರ ಬೆಳಿಗ್ಗೆ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಜನ ಏನಂದರು? "ಎಲ್ಲಾ ಸುಳ್ಳು ಗುಲ್ಲು, ದುಡ್ಡು ಮಾಡೋ ದಂಧೆ." ಬಾಜೂ ತೋಟದವರ ಮಾತೇ, ಭಾಷೆ ಮಾತ್ರ ಬೇರೆ.

ಇವತ್ತಿಗೂ ಅದೇ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಎದ್ದು ಕೂತು ಬೆಳಗಿನೊಳಗೆ ಎತ್ತಿ ನಿಲ್ಲಿಸಿದವನಿಗೆ ಟೌನ್‌ಹಾಲ್ ಮೀಟಿಂಗಿನಲ್ಲಿ ಚಪ್ಪಾಳೆ, ಗಿಫ್ಟ್ ವೋಚರ್. ತನ್ನ ಸರ್ವರ್ ಬೀಳದಂತೆ ಆರು ತಿಂಗಳ ಹಿಂದೆಯೇ ಬೋರು ಹೊಡೆಸುವ ಕೆಲಸ ಮಾಡಿಟ್ಟವಳ ಹೆಸರು ಆ ಮೀಟಿಂಗಿನಲ್ಲಿ ಬರೋದೇ ಇಲ್ಲ. ಅಪ್ರೈಸಲ್ ಫಾರ್ಮಿನಲ್ಲಿ "ಈ ವರ್ಷ ನೀವು ಏನು ಮಾಡಿದಿರಿ?" ಅಂತ ಕಾಲಂ ಇರ್ತದೆ. "ಈ ವರ್ಷ ನಿಮ್ಮಿಂದಾಗಿ ಏನು ಆಗಲಿಲ್ಲ?" ಅಂತ ಇರಲ್ಲ.

ಬಿಜಾಪುರಕ್ಕೆ ಬಂದ ಪ್ರವಾಸಿಗಳು ಮಾಡೋದೂ ಹೀಗೇ. ಎಲ್ಲರೂ ನೇರ ಗೋಳಗುಮ್ಮಟಕ್ಕೆ ಹೋಗಿ ಪಿಸುಗುಟ್ಟಿ ಪ್ರತಿಧ್ವನಿ ಕೇಳಿ ಬರ್ತಾರೆ. ಆದಿಲ್‌ಶಾಹಿಗಳ ಕಾಲದ ಊರಿನ ಸುತ್ತ ಸುಮಾರು 10 ಕಿ.ಮೀ. ಕೋಟೆ ಗೋಡೆ ಇದೆಯಲ್ಲ, ಮೊದಲನೇ ಅಲಿ ಆದಿಲ್‌ಶಾಹಿ ಕಟ್ಟಿಸಿದ್ದು, ಅದನ್ನು ನೋಡೋಕೆ ಅಂತ ಯಾರೂ ಬರಲ್ಲ. ಗೋಡೆಯ ಬಗ್ಗೆ ಇತಿಹಾಸದ ಪಾಠದಲ್ಲಿ ಬರೋ ಒಂದೇ ಇಸವಿ 1686, ಔರಂಗಜೇಬ ಊರನ್ನು ಗೆದ್ದ ವರ್ಷ. ಅಂದ್ರೆ ಗೋಡೆ ಸೋತ ವರ್ಷ. ಅದಕ್ಕೂ ಮೊದಲು ನೂರಕ್ಕೂ ಹೆಚ್ಚು ವರ್ಷ ಅದು ನಿಂತಿತ್ತು, ಅದರೊಳಗೆ ಜನ ನೆಮ್ಮದಿಯಿಂದ ಗುಮ್ಮಟ ಕಟ್ಟಿಕೊಂಡರು ಅನ್ನೋದಕ್ಕೆ ಇಸವಿ ಇಲ್ಲ.

ಹಾಗಾದ್ರೆ ತಡೆದದ್ದರ ಲೆಕ್ಕ ಇಡೋದು ಸಾಧ್ಯವೇ ಇಲ್ವಾ? ಇಲ್ಲಿ ಒಂದು ಅಮೆರಿಕದ ಕಥೆ ನೆನಪಾಗ್ತದೆ. ಅಮೆರಿಕನ್ ಫುಟ್‌ಬಾಲಿನಲ್ಲಿ ದಾಳಿ ಮಾಡುವ 11 ಜನ ಬೇರೆ, ತಡೆಯುವ 11 ಜನ ಬೇರೆ. ತಡೆಯುವ ಗುಂಪಿನವರು ಚೆಂಡು ಹಿಡಿದು ಓಡೋದೇ ಅಪರೂಪ. ಎದುರಿನವನ ಚೆಂಡು ಮುಂದೆ ಹೋಗದಂತೆ ನೋಡ್ಕೊಳ್ಳೋದೇ ಅವರ ವೃತ್ತಿ. ಅಲ್ಲಿ 1961ರಿಂದ 1974ರ ತನಕ ಡೀಕನ್ ಜೋನ್ಸ್ ಅನ್ನೋ ಆಟಗಾರ ಇದ್ದ. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕನ್ನು ಎಸೆಯೋ ಮೊದಲೇ ನೆಲಕ್ಕೆ ಕೆಡವುವುದರಲ್ಲಿ ನಿಸ್ಸೀಮ. ಹಾಗೆ ಕೆಡವೋದಕ್ಕೆ 'ಸ್ಯಾಕ್' ಅನ್ನೋ ಹೆಸರು ಕೊಟ್ಟದ್ದೂ ಅವನೇ ಅಂತಾರೆ.

ತಮಾಷೆ ಏನಂದ್ರೆ, ಅಲ್ಲಿನ ಲೀಗ್ ಆಟಗಾರರ ಹೆಸರಿಗೆ ಸ್ಯಾಕ್ ಲೆಕ್ಕವನ್ನು ಅಧಿಕೃತವಾಗಿ ಬರೆಯೋಕೆ ಶುರು ಮಾಡಿದ್ದು 1982ರಲ್ಲಿ. ಜೋನ್ಸ್ ಆಟ ಬಿಟ್ಟು ಎಂಟು ವರ್ಷ ಆಗಿತ್ತು. ಹೀಗಾಗಿ ಅವನ ಅಧಿಕೃತ ಸ್ಯಾಕ್ ಸಂಖ್ಯೆ ಅಂತ ಒಂದು ಇಲ್ಲವೇ ಇಲ್ಲ. ಆಮೇಲೆ ಅಂಕಿಅಂಶದ ಹುಚ್ಚಿನ ಕೆಲವರು ಹಳೇ ದಾಖಲೆ, ಹಳೇ ಫಿಲ್ಮು ಎಲ್ಲ ತೆಗೆದು ಒಂದೊಂದಾಗಿ ಎಣಿಸಿದರು. 2021ರಲ್ಲಿ ಆ ಲೆಕ್ಕ ಪ್ರಕಟವಾಯ್ತು: ಜೋನ್ಸ್ ಹೆಸರಿಗೆ 173.5. ಇತಿಹಾಸದಲ್ಲೇ ಮೂರನೇ ಸ್ಥಾನ. ಅವನು ಅದನ್ನು ನೋಡಲಿಲ್ಲ, 2013ರಲ್ಲೇ ತೀರಿಕೊಂಡಿದ್ದ. ಈಗ ಪ್ರತಿ ವರ್ಷ ಅತಿ ಹೆಚ್ಚು ಸ್ಯಾಕ್ ಮಾಡಿದವರಿಗೆ ಕೊಡುವ ಪ್ರಶಸ್ತಿಗೆ ಅವನದೇ ಹೆಸರು.

ಈ ಕಥೆಯಿಂದ ನಾನು ಕಲಿತದ್ದು ಇಷ್ಟು: ತಡೆದ ಕೆಲಸ ಕಾಣಲ್ಲ ಅನ್ನೋದು ಅದರ ಗುಣ ಅಲ್ಲ, ನೋಡುವವರ ಸೋಮಾರಿತನ. ಸ್ಯಾಕ್ 1982ರಲ್ಲಿ ಹುಟ್ಟಲಿಲ್ಲ, ಎಣಿಸುವವರು ಹುಟ್ಟಿದರು. ಕ್ರಿಕೆಟ್ಟಿನಲ್ಲೂ ಡಾಟ್ ಬಾಲ್ ಮೊದಲಿಂದ ಇತ್ತು, ಪರದೆ ಮೇಲೆ ಅದರ ಲೆಕ್ಕ ಬಂದದ್ದು ಈಚೆಗೆ. 2023ರ ಐಪಿಎಲ್ ಪ್ಲೇಆಫ್‌ನಲ್ಲಂತೂ ಒಂದು ಡಾಟ್ ಬಾಲಿಗೆ 500 ಸಸಿ ನೆಡ್ತೀವಿ ಅಂತ ಚುಕ್ಕಿಯ ಜಾಗದಲ್ಲಿ ಮರದ ಚಿತ್ರ ತೋರಿಸಿದರು. ಸಸಿಗಳ ಕಥೆ ಅತ್ಲಾಗಿರಲಿ, ಮೊದಲ ಸಲ ಜನ ಡಾಟ್ ಬಾಲ್ ಎಣಿಸಿದರು.

ಈಗ ಒಂದು ತಕರಾರು. ನನ್ನ ಟೀಮಿನ ಗೆಳೆಯನೊಬ್ಬ ಇದನ್ನು ಸರಿಯಾಗೇ ಎತ್ತಿದ. "ಗುರೂ, ಹಿಂಗಾದ್ರೆ ಯಾರು ಬೇಕಾದ್ರೂ ಕ್ರೆಡಿಟ್ ತಗೋಬಹುದಲ್ಲ? ಕಾರಿನ ಮುಂದೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ ಕೂಡ 'ನನ್ನಿಂದಲೇ ಆಕ್ಸಿಡೆಂಟ್ ಆಗಲಿಲ್ಲ' ಅನ್ನಬಹುದು."

ಅನ್ನಬಹುದು. ಅಂತಾರೆ ಕೂಡ. ಆಫೀಸುಗಳಲ್ಲಿ ನಿಂಬೆಹಣ್ಣಿನಂಥ ಪ್ರೋಸೆಸ್ಸುಗಳು, ನಿಂಬೆಹಣ್ಣಿನಂಥ ಮೀಟಿಂಗುಗಳು ಕಡಿಮೆ ಏನಿಲ್ಲ. ಆದ್ರೆ ವ್ಯತ್ಯಾಸ ಗುರುತಿಸೋಕೆ ಒಂದು ದಾರಿ ಇದೆ ಅಂತ ನನಗನ್ನಿಸ್ತದೆ. ನಿಜವಾಗಿ ತಡೆಯುವವರು ಏನನ್ನು ತಡೀತಿದ್ದಾರೆ ಅಂತ ಮೊದಲೇ ಹೇಳ್ತಾರೆ, ಮತ್ತು ಸೋತಾಗ ಸೋತದ್ದು ಎಲ್ಲರಿಗೂ ಕಾಣುವ ಜಾಗದಲ್ಲಿ ನಿಂತಿರ್ತಾರೆ. ಬೌಲರ್ ಹಾಕಿದ ಪ್ರತಿ ಎಸೆತಕ್ಕೆ ಲೆಕ್ಕ ಇದೆ. ಸಿಕ್ಸ್ ಹೋದ್ರೆ ಮುಚ್ಚಿಡೋಕೆ ಆಗಲ್ಲ. ರಾಜೇಶ್ವರಿ ಏಕದಿನ ಪಂದ್ಯಗಳಲ್ಲಿ ಇಷ್ಟು ವರ್ಷ ಓವರಿಗೆ ಸರಾಸರಿ ನಾಲ್ಕಕ್ಕಿಂತ ಕಡಿಮೆ ರನ್ ಕೊಟ್ಟಿದ್ದಾರೆ ಅಂದ್ರೆ ಅದು ಯಾರೋ ಹೊಗಳಿದ್ದಲ್ಲ, ಸಾವಿರಾರು ಎಸೆತ ಕೂಡಿಸಿ ಬಂದ ಅಂಕಿ. ನಿಂಬೆಹಣ್ಣು ಯಾವತ್ತೂ ಹೀಗೆ ಲೆಕ್ಕಕ್ಕೆ ಕೂರಲ್ಲ. ಆಕ್ಸಿಡೆಂಟ್ ಆದ್ರೆ, "ಇಲ್ಲಾಂದ್ರೆ ಇನ್ನೂ ದೊಡ್ಡದಾಗ್ತಿತ್ತು" ಅಂತದೆ.

ಕಾಕಾನ ವಿಷಯದಲ್ಲಿ? ಪ್ರಾಮಾಣಿಕವಾಗಿ ಹೇಳಬೇಕಂದ್ರೆ, ಆ ವರ್ಷ ಹೊಡೆದ ಔಷಧದಲ್ಲಿ ಅರ್ಧ ದಂಡವೇ ಇರಬಹುದು. ಅಥವಾ ಕಾಕಾನ ತೋಟದಲ್ಲಿ ರೋಗ ಏಳದೇ ಇದ್ದದ್ದಕ್ಕೇ ಬಾಜೂ ತೋಟಕ್ಕೂ ಹಾರದೇ ಇರಬಹುದು. ಎರಡೂ ಸಾಧ್ಯ. ಆದ್ರೆ ಅವರ ನಿರ್ಧಾರ ಸರಿಯೋ ತಪ್ಪೋ ಅಂತ ಅಳೆಯಬೇಕಾದ್ದು ಜನವರಿಯ ಗೊನೆ ನೋಡಿ ಅಲ್ಲ, ನವೆಂಬರಿನ ಮೋಡ ನೋಡಿ. ಮೋಡ ಇದ್ದಾಗ ಗೊತ್ತಿದ್ದ ಸಂಗತಿ ಇಟ್ಟುಕೊಂಡು ಏನು ಮಾಡಬೇಕಿತ್ತೋ ಅದನ್ನು ಮಾಡಿದರು. ಆಮೇಲೆ ಮಳೆ ಬರೋದು ಬಿಡೋದು ಅವರ ಕೈಲಿಲ್ಲ. ಫಲಿತಾಂಶ ನೋಡಿ ಮನುಷ್ಯರನ್ನು ಅಳೆಯೋದು ಅಂದ್ರೆ ಬಹಳ ಸಲ ಅವರ ಅದೃಷ್ಟವನ್ನು ಅಳೆಯೋದು.

ಇಲ್ಲಿಗೆ ಬಂದಾಗ ನಮ್ಮ ಹಿರಿಯರ ಧಾಟಿಯಲ್ಲಿ ಮುಗಿಸಿಬಿಡೋ ಆಸೆ ಆಗ್ತದೆ. "ಫಲ ಬಯಸಬೇಡ, ಕೆಲಸ ಮಾಡು. ಗುರುತಿಸದಿದ್ರೆ ಏನಾಯ್ತು, ಕಾಯಕ ಮಾಡಿದ ತೃಪ್ತಿ ಇದೆಯಲ್ಲ." ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯಲ್ಲೇ ಇದೆ, ಕಾಯಕದ ಮೇಲೆ ನನಗೆ ಗೌರವ ಕಡಿಮೆ ಇಲ್ಲ. ಆದ್ರೆ ಈ ಮಾತನ್ನು ಯಾರು ಯಾರಿಗೆ ಹೇಳ್ತಿದ್ದಾರೆ ಅಂತ ಸ್ವಲ್ಪ ನೋಡಿ. ಇದನ್ನು ಮ್ಯಾನೇಜರು ಇಂಜಿನಿಯರಿಗೆ ಹೇಳ್ತಾನೆ, ಗಂಡ ಹೆಂಡತಿಗೆ ಹೇಳ್ತಾನೆ. ಲೆಕ್ಕ ಇಡಬೇಕಾದವರು ಲೆಕ್ಕ ಕೇಳುವವರಿಗೆ ಹೇಳೋ ಮಾತು ಇದು. ನಿರಪೇಕ್ಷೆ ಅನ್ನೋದು ಮಾಡುವವರ ಸ್ವಂತ ಆಯ್ಕೆ ಆದ್ರೆ ಗುಣ. ಪಡೆಯುವವರು ಅದನ್ನು ಬೇರೆಯವರ ಮೇಲೆ ಹೇರಿದ್ರೆ ಅದು ಕಳ್ಳತನದ ಸುಸಂಸ್ಕೃತ ರೂಪ.

ಹೀಗಾಗಿ ರಾಜೇಶ್ವರಿ ಗಾಯಕವಾಡ ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಘಟನೆ ಮೈದಾನದ ಹೊರಗಿನದು. 2017ರ ವಿಶ್ವಕಪ್ ಮುಗಿದ ಮೇಲೆ ಬಹುಮಾನಗಳ ಸುರಿಮಳೆ ಆಯ್ತು. ಬಿಸಿಸಿಐ ಒಬ್ಬೊಬ್ಬ ಆಟಗಾರ್ತಿಗೆ 50 ಲಕ್ಷ ಘೋಷಿಸಿತು. ಬಬಲೇಶ್ವರದ ಶಾಸಕರೂ ಆಗ ಜಲಸಂಪನ್ಮೂಲ ಸಚಿವರೂ ಆಗಿದ್ದ ಎಂ. ಬಿ. ಪಾಟೀಲರು ನಮ್ಮ ಜಿಲ್ಲೆಯ ಹುಡುಗಿ ಅನ್ನೋ ಅಭಿಮಾನದಿಂದ ಕಾರು ಉಡುಗೊರೆ ಕೊಡೋಕೆ ಮುಂದಾದರು. ರಾಜೇಶ್ವರಿ ಕಾರು ಬೇಡ ಅಂದರು. ನಮ್ಮ ಕುಟುಂಬಕ್ಕೆ ಈಗ ಬೇಕಾಗಿರೋದು ಕಾರಲ್ಲ, ಮನೆ ಅಂತ ಹೇಳಿದರು.

ಇದನ್ನು ಓದಿದಾಗ ನನಗೆ ಮೊದಲು ಅನ್ನಿಸಿದ್ದು, ಅಬ್ಬಾ ಎಂಥಾ ಧೈರ್ಯ. ನಮ್ಮ ಕಡೆ ದೊಡ್ಡವರು ಕೊಟ್ಟದ್ದನ್ನು ಎರಡೂ ಕೈಯಲ್ಲಿ ತಗೊಂಡು ನಮಸ್ಕಾರ ಮಾಡೋದು ವಾಡಿಕೆ. ಕೊಡುವವರ ಮನಸ್ಸು ನೋಯಬಾರದು, ಫೋಟೋ ಚೆನ್ನಾಗಿ ಬರಬೇಕು. ಕಾರಿನ ಕೀಲಿ ಕೈ ಹಿಡಿದು ನಿಂತ ಫೋಟೋ ಬಹಳ ಚೆನ್ನಾಗಿ ಬರುತ್ತದೆ. ಬಾಡಿಗೆ ಕಟ್ಟುವ ತಲೆನೋವು ತಪ್ಪಿದ್ದರ ಫೋಟೋ ಬರಲ್ಲ. ಕಾರು ಕಾಣುವಂಥದ್ದು, ಮನೆ ತಡೆಯುವಂಥದ್ದು. ಮಳೆ ತಡೀತದೆ, ಮಾಲೀಕನ ನೋಟೀಸು ತಡೀತದೆ, ತಂದೆ ಇಲ್ಲದ ಸಂಸಾರ ಚದುರೋದನ್ನು ತಡೀತದೆ. ಇಡೀ ವೃತ್ತಿಜೀವನ ತಡೆಯೋದನ್ನೇ ಮಾಡಿದ ಬೌಲರಿಗೆ ಈ ವ್ಯತ್ಯಾಸ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು ಅಂತ ನನ್ನ ಊಹೆ.

ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಭಾಷೆಯಲ್ಲಿ ಎರಡು ಪದ ಇವೆ, ಪಗಾರ ಮತ್ತು ಬಕ್ಷೀಸು. ಬಕ್ಷೀಸು ಕೊಡುವವರ ಕಣ್ಣಿಗೆ ಬಿದ್ದದ್ದಕ್ಕೆ ಸಿಗ್ತದೆ. ಐದು ವಿಕೆಟ್ ತಗೊಂಡ ದಿನ, ಫೈನಲ್ ಆಡಿದ ದಿನ. ಪಗಾರ ಹಾಗಲ್ಲ, ಯಾರೂ ನೋಡದ ದಿನಕ್ಕೂ ಸಿಗ್ತದೆ, ಸಿಗಬೇಕು. ತಡೆಯುವವರಿಗೆ ನ್ಯಾಯ ಸಿಗೋದು ಪಗಾರದಿಂದಲೇ ಹೊರತು ಬಕ್ಷೀಸಿನಿಂದ ಅಲ್ಲ, ಯಾಕಂದ್ರೆ ಅವರ ಒಳ್ಳೇ ದಿನಗಳು ಕಣ್ಣಿಗೆ ಬೀಳದ ದಿನಗಳು. ಆ ದೃಷ್ಟಿಯಿಂದ 2017ರ 50 ಲಕ್ಷಕ್ಕಿಂತ ದೊಡ್ಡ ಸುದ್ದಿ 2022ರ ಅಕ್ಟೋಬರಿನದು. ಹೆಣ್ಣುಮಕ್ಕಳಿಗೂ ಗಂಡಸರಷ್ಟೇ ಪಂದ್ಯ ಶುಲ್ಕ ಅಂತ ಬಿಸಿಸಿಐ ಹೇಳಿತು: ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. ವಾರ್ಷಿಕ ಗುತ್ತಿಗೆಯಲ್ಲಿ ಅಂತರ ಇನ್ನೂ ಬಹಳ ದೊಡ್ಡದೇ ಇದೆ. ಆದ್ರೆ ದಿಕ್ಕು ಸರಿ ಇದೆ. ಸೊನ್ನೆ ವಿಕೆಟ್ಟಿಗೆ ಹತ್ತು ಓವರ್ ಬಿಗಿಯಾಗಿ ಹಾಕಿದ ದಿನವೂ ಅದೇ 6 ಲಕ್ಷ.

2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ಭಾರತದ ಹೆಣ್ಣುಮಕ್ಕಳು ಕೊನೆಗೂ ವಿಶ್ವಕಪ್ ಗೆದ್ದರು. ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ. ಬಿಸಿಸಿಐ ತಂಡಕ್ಕೆ 51 ಕೋಟಿ ಘೋಷಿಸಿತು. ಗೆದ್ದ ತಂಡ ಕಪ್ಪನ್ನು ಮಿಥಾಲಿ ರಾಜ್, ಜೂಲನ್ ಗೋಸ್ವಾಮಿ ಕೈಗೆ ಕೊಟ್ಟದ್ದು ನೋಡಿ ನನಗೂ ಕಣ್ಣು ಒದ್ದೆ ಆಯ್ತು. ರಾಜೇಶ್ವರಿ ಆ ತಂಡದಲ್ಲಿ ಇರಲಿಲ್ಲ. ಆದ್ರೆ 2017ರ ಡರ್ಬಿಯಲ್ಲಿ ಅವತ್ತು ಸೋತಿದ್ರೆ ಲಾರ್ಡ್ಸ್ ಫೈನಲ್ಲೇ ಇಲ್ಲ. ಆ ಫೈನಲ್ ಇಲ್ಲದಿದ್ರೆ ಹೆಣ್ಣುಮಕ್ಕಳ ಕ್ರಿಕೆಟ್ ಟಿವಿಯಲ್ಲಿ ನೋಡೋ ಜನ ಇಷ್ಟು ಬೇಗ ಹುಟ್ಟುತ್ತಿದ್ದರಾ ಅನ್ನೋದು ಅನುಮಾನ. 2022ರ ವಿಶ್ವಕಪ್ಪಿನಲ್ಲಿ ಪಾಕಿಸ್ತಾನದ ವಿರುದ್ಧ 31 ರನ್ನಿಗೆ 4 ವಿಕೆಟ್ ತೆಗೆದದ್ದೂ ಇವರೇ. ಇವೆಲ್ಲ 51 ಕೋಟಿಯ ಅಡಿಪಾಯದ ಕಲ್ಲುಗಳು. ಅಡಿಪಾಯದ ಮೇಲೆ ಯಾರೂ ಬಣ್ಣ ಹಚ್ಚಲ್ಲ, ಅದೇನೋ ಸರಿ. ಮನೆ ಕಟ್ಟಿದವರಿಗಾದ್ರೂ ಅದು ಎಲ್ಲಿದೆ ಅಂತ ಗೊತ್ತಿರಬೇಕು.

ನಾವೇನು ಮಾಡಬೇಕು? ದೊಡ್ಡ ಸಿದ್ಧಾಂತ ಏನೂ ನನ್ನ ಹತ್ತಿರ ಇಲ್ಲ. ತಡೆಯುವ ಕೆಲಸದಲ್ಲಿರೋರಿಗೆ, ಟೆಸ್ಟಿಂಗ್, ಸೆಕ್ಯುರಿಟಿ, ಸಪೋರ್ಟ್, ಮನೆಯಲ್ಲಿ ಮಕ್ಕಳು ವೃದ್ಧರನ್ನು ನೋಡ್ಕೊಳ್ಳೋರಿಗೆ, ಹೇಳೋದು ಇಷ್ಟೇ: ಚಪ್ಪಾಳೆಗೆ ಕಾಯಬೇಡಿ, ಅದು ಬರಲ್ಲ. ಆದ್ರೆ ನಿಮ್ಮ ಡಾಟ್ ಬಾಲಿನ ಲೆಕ್ಕ ನೀವೇ ಪ್ರಾಮಾಣಿಕವಾಗಿ ಬರೆದಿಡಿ, ಹೊಡೆಸಿಕೊಂಡ ಸಿಕ್ಸ್‌ಗಳನ್ನೂ ಸೇರಿಸಿ. ಯಾರಾದ್ರೂ ಕಾರು ಕೊಡೋಕೆ ಬಂದಾಗ ಮನೆ ಬೇಕಾಗಿದ್ರೆ ಮನೆ ಅಂತಲೇ ಹೇಳಿ. ಅದು ದುರಾಸೆ ಅಲ್ಲ.

ತಡೆದವರ ನೆರಳಲ್ಲಿ ಕೂತಿರೋ ಮಿಕ್ಕ ನಮ್ಮೆಲ್ಲರಿಗೂ ಒಂದು ಸಣ್ಣ ಕೆಲಸ ಇದೆ. ಈ ಸಲ ಅಪ್ರೈಸಲ್ ಬಂದಾಗ, ನಿಮ್ಮ ಕೆಳಗೆ ಇಬ್ಬರೇ ಇದ್ರೂ ಸರಿ, ಅವರನ್ನು ಕೂರಿಸಿಕೊಂಡು ಕೇಳಿ: "ಈ ವರ್ಷ ನಿನ್ನಿಂದಾಗಿ ಏನೇನು ಆಗಲಿಲ್ಲ?" ಮೊದಲು ಅವರಿಗೆ ಪ್ರಶ್ನೆಯೇ ಅರ್ಥ ಆಗಲಿಕ್ಕಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತಿರಿ, ಆಮೇಲೆ ಹೇಳೋಕೆ ಶುರು ಮಾಡ್ತಾರೆ. ಕೇಳಿದ್ದನ್ನು ಫಾರ್ಮಿನಲ್ಲಿ ಬರೀರಿ. ಅದಕ್ಕೆ ಕಾಲಂ ಇಲ್ಲ ಅಂತ ಬಿಡಬೇಡಿ, ಪಕ್ಕದಲ್ಲಿ ಜಾಗ ಇರ್ತದೆ.